ಕಿವಿ ಮುಚ್ಚಿಕೊಳ್ಳುತ್ತಿದ್ದ ವಸುಂಧರಾ ಆಂಟಿ

ಯಾರಾದರೂ "ನನಗೊಂದು ಹೊಸ ಐಡಿಯಾ ಬಂದಿದೆ" ಎಂದು ಬಾಯಿ ತೆರೆದರೆ ಸಾಕು, ವಸುಂಧರಾ ಆಂಟಿ ಕೈಯಲ್ಲಿದ್ದ ಪೇಪರ್ ಪ್ಲೇಟನ್ನು ಪಕ್ಕಕ್ಕಿಟ್ಟು ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಬೆರಳ ಸಂದಿಯಿಂದ ಬಿಳಿ ಹರಳಿನ ಓಲೆ ಇಣುಕುತ್ತಿತ್ತು.

"ನಿಲ್ಲಿ, ನಿಲ್ಲಿ! ಮೊದಲು ಸುತ್ತ ಯಾರಿದ್ದಾರೆ ನೋಡಿ. ಬಾಯಿ ಬಿಟ್ಟರೆ ಯುರೋಪ್ ಹೋಯ್ತು!"

ನಾನು ಇದನ್ನು ಮೊದಲು ಕಂಡದ್ದು ವಾಷಿಂಗ್ಟನ್ ಪಕ್ಕದ ಜರ್ಮನ್‌ಟೌನಿನಲ್ಲಿ, ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟದಲ್ಲಿ. ಜಾತಕ ಹೊಂದಿಸುವ ಸಾಫ್ಟ್‌ವೇರ್ ಮಾಡುತ್ತೇನೆ ಎಂದು ಹೊರಟಿದ್ದ ಹುಡುಗ ಅವರು ಕಿವಿ ಮುಚ್ಚಿದ್ದು ಕಂಡು ಅರ್ಧಕ್ಕೇ ಸುಮ್ಮನಾದ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ತುಟಿಯ ಮೇಲೆ ಬೆರಳಿಟ್ಟು ನಮ್ಮನ್ನು ಸುಮ್ಮನಿರಿಸುತ್ತಿದ್ದರು. ತನ್ನ ಕಿವಿಯನ್ನೇ ಮುಚ್ಚಿಕೊಂಡು ಎದುರಿನವರನ್ನು ಸುಮ್ಮನಿರಿಸುವವರನ್ನು ನಾನು ನೋಡಿದ್ದು ಅದೇ ಮೊದಲು. ಇವನು ಬಾಯಿ ಬಿಟ್ಟರೆ ಅಷ್ಟು ದೊಡ್ಡ ಯುರೋಪ್ ಎಲ್ಲಿಗೆ ಹೋಗುತ್ತದೆ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದ್ದೆ.

ಆಂಟಿ ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿ, ಮದುವೆಯಾಗಿ ಲಂಡನ್ನಿಗೆ ಹೋಗಿ, ಅಲ್ಲಿ ಪೇಟೆಂಟ್ ಕಚೇರಿಯೊಂದರಲ್ಲಿ ಕೆಲಸ ಕಲಿತವರು. ಯುರೋಪಿನ ಪೇಟೆಂಟ್ ವಕೀಲಿಯ ಪರೀಕ್ಷೆಯನ್ನು ಮ್ಯೂನಿಕ್‌ಗೆ ಹೋಗಿ ಬರೆದಿದ್ದರು. ಗಂಡನಿಗೆ ವಾಷಿಂಗ್ಟನ್ನಿನಲ್ಲಿ ಕೆಲಸವಾದಾಗ ಇಲ್ಲಿಯ ಪರೀಕ್ಷೆಯನ್ನೂ ಮುಗಿಸಿದರು. ರೇಷ್ಮೆ ಸೀರೆಯ ಕೆಳಗೆ ಬಿಳಿ ಸ್ನೀಕರ್ಸ್, ತುರುಬಿನಲ್ಲಿ ಹೂವಿನ ಬದಲು ಒಂದು ಪೆನ್ಸಿಲ್. ಚಹಾದ ವಿಷಯದಲ್ಲಿ ಮಾತ್ರ ಅವರು ಅಮೆರಿಕದವರಾಗಲೇ ಇಲ್ಲ. ನಾನು ಟೀ ಬ್ಯಾಗನ್ನು ಬೇಗ ತೆಗೆದುಬಿಟ್ಟರೆ, "ಅದಕ್ಕೆ ಮಾತಾಡೋಕೆ ಸ್ವಲ್ಪ ಟೈಮ್ ಕೊಡೇ" ಎನ್ನುವರು.

ಒಮ್ಮೆ ನಾನು ಮನೆಯ ಮುಂದಿನ ಸಿಮೆಂಟಿನ ಮೇಲೆ ಚಾಕ್‌ಪೀಸಿನಲ್ಲಿ ಹಾಕಿದ್ದ ರಂಗೋಲಿಯನ್ನು ಯಾರೋ ನೋಡಿಕೊಂಡು ಹೋಗಿ, ಅದೇ ನವಿಲು, ಅದೇ ಬಳ್ಳಿ, ಕನ್ನಡ ಕೂಟದ ಆಮಂತ್ರಣದ ಮೇಲೆ ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದ್ದರು. ನಾನು ಸಣ್ಣ ದನಿಯಲ್ಲಿ, "ಹೋಗ್ಲಿ ಬಿಡಿ ಆಂಟಿ, ರಂಗೋಲಿ ತಾನೇ" ಎಂದೆ.

"ರಂಗೋಲಿ ತಾನೇ?" ಎಂದು ಅವರು ಕೋಟನ್ನೂ ಬಿಚ್ಚದೆ ಆಮಂತ್ರಣವನ್ನು ಮುಂದಿಟ್ಟುಕೊಂಡು ಸಿಮೆಂಟಿನ ಮೇಲೆ ಕುಕ್ಕರಗಾಲಿನಲ್ಲಿ ಕೂತರು. "ನೋಡು, ಈ ಚುಕ್ಕಿ ಇದೆಯಲ್ಲ, ಇದು ಎಲ್ಲರದ್ದು. ನಿಮ್ಮಜ್ಜಿದೂ ಹೌದು, ನಮ್ಮಜ್ಜಿದೂ ಹೌದು. ಚುಕ್ಕಿ ಸುತ್ತ ಈ ನವಿಲು ಕತ್ತು ತಿರುಗಿಸಿದೆಯಲ್ಲ, ಅದು ನಿಂದು. ಗೆರೆ ಎಳೆದ ಕ್ಷಣದಿಂದಲೇ ನಿಂದು. ಇಲ್ಲೂ ನಿಂದು, ಇಂಗ್ಲೆಂಡಲ್ಲೂ ನಿಂದು, ಫ್ರಾನ್ಸಲ್ಲೂ ನಿಂದು. ಯಾರನ್ನೂ ಕೇಳ್ಬೇಕಾಗಿಲ್ಲ."

ಮುಂದಿನ ಆಮಂತ್ರಣದಲ್ಲಿ ರಂಗೋಲಿಯ ಕೆಳಗೆ ನನ್ನ ಹೆಸರು ಬಂತು. ಆಂಟಿ ಯಾರಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ.

ಅವರನ್ನು ಪೂರ್ತಿ ಕಂಡದ್ದು ಶೈಲಜಾಳ ಶಾವಿಗೆ ಒರಳಿನ ಪ್ರಸಂಗದಲ್ಲಿ. ಶೈಲಜಾ ನಮ್ಮ ಪಕ್ಕದ ಟೌನ್‌ಹೌಸಿನವಳು, ಧಾರವಾಡದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವಳು. ನನ್ನ ಹಾಗೆ ಅವಳೂ ಗಂಡನ ವೀಸಾದ ಮೇಲೆ ಬಂದದ್ದರಿಂದ ಕೆಲಸಕ್ಕೆ ಹೋಗುವಂತಿರಲಿಲ್ಲ. ಒತ್ತುಶಾವಿಗೆ ಮಾಡುವಾಗ ಅಕ್ಕಿ ಹಿಟ್ಟಿನ ಉಂಡೆ ಆರಿದರೆ ಕಲ್ಲಾಗುತ್ತದೆ, ಬಿಸಿಯಿದ್ದಾಗಲೇ ಒತ್ತಬೇಕು, ಒತ್ತಲು ಇಬ್ಬರ ರಟ್ಟೆ ಬೇಕು. ಅವಳು ಗಂಡನ ಕಾರಿನ ಜಾಕನ್ನು ತಂದು ಅದರ ಬಲದಿಂದ ಒತ್ತುವ ಹಾಗೆ ಮಾಡಿದಳು. ಒರಳಿಗೆ ಎರಡು ಗೋಡೆ ಕಟ್ಟಿಸಿ, ನಡುವೆ ಬಿಸಿನೀರು ಹೊಯ್ಯುವ ಜಾಗ ಇಟ್ಟಳು. ಉಂಡೆ ಆರುವ ಮಾತೇ ಇಲ್ಲ, ಒಂದು ಕೈಯಲ್ಲಿ ತಿರುಗಿಸಿದರೆ ಶಾವಿಗೆ ದಾರದ ಹಾಗೆ ಇಳಿಯುತ್ತಿತ್ತು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಪಾತ್ರೆ ಮಾಡುವ ಒಬ್ಬರಿಗೆ ಅವಳ ಅಣ್ಣ ಪರಿಚಯ. ಅಲ್ಲಿ ಶ್ರೀಲಂಕಾದವರ ಮನೆಮನೆಯಲ್ಲೂ ಇದೇ ತಿಂಡಿಯಂತೆ. ಬ್ರಿಟನ್ನಿನ ಪೇಟೆಂಟ್ ಸಿಕ್ಕಿದರೆ ಅವಳ ಹೆಸರಿನಲ್ಲೇ ಒರಳು ಮಾಡುತ್ತೇವೆ ಎಂದಿದ್ದರು. ಆ ದಿನಗಳಲ್ಲಿ ಶೈಲಜಾ ನಡೆಯುವುದೇ ಬೇರೆ ಥರ ಆಗಿತ್ತು.

ನವರಾತ್ರಿಗೆ ನಮ್ಮ ಮನೆಯಲ್ಲಿ ಅರಿಶಿನ-ಕುಂಕುಮ. ಮರುದಿನ ಪ್ರಸಾದಕ್ಕೆಂದು ಬಂದ ಆಂಟಿಯ ಮುಂದೆ ಶೈಲಜಾ ಸಂಭ್ರಮದಿಂದ, "ಆಂಟಿ, ನಿನ್ನೆ ನಮ್ಮ ಒರಳು ಎಲ್ಲಾರಿಗೂ ತೋರಿಸಿದ್ನಿ ನೋಡ್ರಿ! ಭಾಳ ಮೆಚ್ಚಿದ್ರು!" ಎಂದಳು.

ಆಂಟಿ ಕಿವಿ ಮುಚ್ಚಿಕೊಳ್ಳಲಿಲ್ಲ. ಕೋಸಂಬರಿಯ ಚಮಚವನ್ನು ಮೆಲ್ಲಗೆ ಕೆಳಗಿಟ್ಟರು.

"ಎಲ್ಲರಿಗೂ ಅಂದ್ರೆ?"

"ಅರಿಶಿನ-ಕುಂಕುಮಕ್ಕ ಬಂದಾವ್ರು. ಬರೇ ಹೆಣ್ಮಕ್ಕಳ್ರಿ."

"ಹೆಂಗಸರಾದ್ರೆ ಪಬ್ಲಿಕ್ ಅಲ್ವೇನೇ? ಕೇಳು ಪುಟ್ಟಾ, ಇಲ್ಲಿ ಅಮೆರಿಕದಲ್ಲಿ ತೋರಿಸಿದ ಮೇಲೂ ಅಪ್ಲೈ ಮಾಡೋಕೆ ಒಂದು ವರ್ಷ ಪುರುಸೊತ್ತಿದೆ. ಬ್ರಿಟನ್ನಲ್ಲಿ, ಯುರೋಪಲ್ಲಿ ಒಂದು ದಿನಾನೂ ಇಲ್ಲ. ಮೊದಲು ಜನ ನೋಡಿಬಿಟ್ರೆ ಅದು ಹೊಸದೇ ಅಲ್ಲ ಅಂತಾರೆ."

ಶೈಲಜಾಳ ಮುಖ ಚಿಕ್ಕದಾಯಿತು. "ಹಂಗಾದ್ರ ಮುಗೀತೇನ್ರಿ?"

ನನಗೆ ತಟ್ಟನೆ ನೆನಪಾಯಿತು. ಹಿಂದಿನ ಸಂಜೆ ಕುಂಕುಮದ ಬಟ್ಟಲು ನನ್ನ ಕೈಯಲ್ಲಿತ್ತು. ಶೈಲಜಾ ಅದರಲ್ಲಿ ಬೆರಳದ್ದಿ ಒಬ್ಬೊಬ್ಬರ ಮುಂದೂ ನಿಂತು, "ಇದು ದೀಪಾವಳಿ ಪ್ರೋಗ್ರಾಮಿನ ಸರ್‌ಪ್ರೈಸ್. ಅಲ್ಲೀತನಕಾ ಯಾರ ಮುಂದೂ ಬಾಯಿ ಬಿಡಂಗಿಲ್ಲ. ಮಾತು ಕೊಟ್ರ ಕುಂಕುಮ, ಮಾತು ಕೊಟ್ರ ಒಳಗ ಪ್ರವೇಶ" ಎಂದಿದ್ದಳು. ಎಲ್ಲರೂ ನಗುತ್ತ ಮಾತು ಕೊಟ್ಟು, ಆಮೇಲೆಯೇ ಅಡುಗೆಮನೆಗೆ ಬಂದಿದ್ದರು. ಅದನ್ನು ಹೇಳಿದೆ.

ಆಂಟಿ ತುರುಬಿನಿಂದ ಪೆನ್ಸಿಲ್ ಎಳೆದರು. "ತೋರಿಸೋದಕ್ಕೆ ಮುಂಚೆ ಮಾತು ತಗೊಂಡ್ಯಾ? ಗುಟ್ಟಾಗಿಡ್ತೀನಿ ಅಂತ ಒಪ್ಪಿಕೊಂಡು ನೋಡಿದವರು ಪಬ್ಲಿಕ್ ಅಲ್ಲ! ಆದ್ರೆ..." ಅವರ ದನಿ ಇಳಿಯಿತು. "ನಮ್ಮ ಹೆಂಗಸರು ಗುಟ್ಟು ಇಟ್ಕೊಂಡಿದ್ದಾರಾ? ಪದ್ಮಕ್ಕನೂ ಬಂದಿದ್ಲಾ?"

ಬಂದಿದ್ದಳು. ಪದ್ಮಕ್ಕನಿಗೆ ನಮ್ಮ ಕೂಟದಲ್ಲಿ ರೇಡಿಯೋ ಎಂದೇ ಹೆಸರು. ಆಂಟಿ ಅಡುಗೆಮನೆಯ ಗೋಡೆಯ ಫೋನೆತ್ತಿ, ಸ್ಪೀಕರ್ ಒತ್ತಿ, ತೀರ ಸಹಜವಾಗಿ ಕೇಳಿದರು: "ಪದ್ಮಾ, ಶೈಲಜಾ ಏನೋ ಹೊಸ ಮಷೀನ್ ಮಾಡಿದ್ದಾಳಂತೆ?"

"ಮಷೀನಾ? ಯಾವ ಮಷೀನು? ನಾವು ಕೋಸಂಬರಿ ತಿಂದು ಬಂದ್ವಿ ಅಷ್ಟೆ ಆಂಟಿ."

"ನನ್ ಹತ್ರ ಹೇಳೇ, ನಾನೇನ್ ಹೊರಗಿನವಳಾ?"

ಆ ಕಡೆ ಬಳೆ ಸದ್ದಾಯಿತು, ಪದ್ಮಕ್ಕ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದಳು.

"ಆಂಟಿ, ಕುಂಕುಮ ಇಡಿಸ್ಕೊಂಡು ಮಾತು ಕೊಟ್ಟಿದ್ದೀನಿ. ನಮ್ ಮನೆಯವರು ಕೇಳಿದ್ರೂ ಹೇಳಿಲ್ಲ, ಹೊಟ್ಟೆ ಉಬ್ಬರಿಸ್ತಾ ಇದೆ! ಅದೊಂದು ಬಿಟ್ಟು ಬೇರೆ ಏನ್ ಬೇಕಾದ್ರೂ ಕೇಳಿ. ರೇಖಾ ಅಡುಗೆಮನೆ ರೀಮಾಡೆಲ್ ಮಾಡಿಸ್ತಿರೋ ವಿಷ್ಯ ಗೊತ್ತಾಯ್ತಾ?"

ಶೈಲಜಾ ಸೆರಗನ್ನು ಬಾಯಿಗೆ ತುರುಕಿಕೊಂಡು ನೆಲದ ಮೇಲೆ ಕೂತು ನಕ್ಕಳು. ಆಂಟಿ ರೇಖಾಳ ಅಡುಗೆಮನೆಯ ಕಥೆಯನ್ನೆಲ್ಲ ತಾಳ್ಮೆಯಿಂದ ಕೇಳಿ ಫೋನಿಟ್ಟರು. ಬಂದಿದ್ದ ಉಳಿದವರಿಗೂ ಫೋನಾಯಿತು. ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ಆಂಟಿ ಕಣ್ಣೊರೆಸಿಕೊಂಡು, "ದೊಡ್ಡ ದೊಡ್ಡ ಕಂಪನಿಯವರು ಸೈನ್ ಹಾಕಿಯೂ ಗುಟ್ಟು ಬಿಟ್ಟುಕೊಟ್ಟಿದ್ದು ನೋಡಿದ್ದೀನಿ. ಇಲ್ಲಿ ನೋಡು! ಯುರೋಪ್ ಉಳೀತು ಕಣ್ರೇ!" ಎಂದರು.

ಅಂದೇ ನಮ್ಮ ಊಟದ ಮೇಜು ಕಚೇರಿಯಾಯಿತು. ಶೈಲಜಾ ಚಿತ್ರ ಬರೆದಳು, ಆಂಟಿ ಒಂದೊಂದು ಸ್ಕ್ರೂವಿನ ಬಗ್ಗೆಯೂ ವಾದ ಮಾಡಿದರು, ನಾನು ಚಹಾಕ್ಕೆ ಮಾತಾಡಲು ಟೈಮ್ ಕೊಟ್ಟೆ. ದೀಪಾವಳಿಗೆ ಮುಂಚೆಯೇ ಇಲ್ಲಿಯ ಅರ್ಜಿ ಹೋಯಿತು. ಇಲ್ಲಿ ಹಾಕಿದ ಒಂದು ವರ್ಷದೊಳಗೆ ಬ್ರಿಟನ್ನಿನಲ್ಲಿ ಹಾಕಿದರೆ, ಅಲ್ಲಿಯವರೂ ಇಲ್ಲಿಯ ದಿನವನ್ನೇ ಲೆಕ್ಕಕ್ಕೆ ಹಿಡಿಯುತ್ತಾರಂತೆ. ದೀಪಾವಳಿ ಸ್ಟೇಜಿನ ಮೇಲೆ ಶಾವಿಗೆ ಇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಪದ್ಮಕ್ಕ.

ಬ್ರಿಟನ್ನಿನ ಪೇಟೆಂಟ್ ಬರುವಷ್ಟರಲ್ಲಿ ಆಂಟಿ ಲಂಡನ್ನಿಗೆ, ಮಗಳ ಮನೆಯ ಹತ್ತಿರಕ್ಕೆ ಹೊರಟಿದ್ದರು. ಲೆಸ್ಟರ್‌ನಿಂದ ಮೊದಲ ಒರಳು ಬಂದಿತ್ತು, ಫಳಫಳ ಹೊಳೆಯುವ ಸ್ಟೀಲು. ಶೈಲಜಾ ಅದನ್ನು ಕೊಡಹೋದರೆ ಆಂಟಿ ಬೇಡವೆಂದರು. "ನಂಗೆ ಆ ಕಾರ್ ಜಾಕಿನದ್ದೇ ಬೇಕು."

ವಾಷಿಂಗ್ಟನ್ನಿನ ಡಲ್ಲಸ್ ಏರ್‌ಪೋರ್ಟಿನ ಸೆಕ್ಯುರಿಟಿಯವನು ಆಂಟಿಯ ಕೈಚೀಲದಿಂದ ಕಾರಿನ ಜಾಕ್ ಹೊರಗೆ ತೆಗೆದು ತಿರುಗಿಸಿ ನೋಡಿದ. ಇದೇನು ಎಂದ. ಆಂಟಿ ಸೆರಗು ಸಿಕ್ಕಿಸಿದರು. ಮೇಜಿನ ಮೇಲೆ ಒರಳಿಟ್ಟು, ಹಿಡಿಕೆ ತಿರುಗಿಸಿ, ಎರಡು ಗೋಡೆಯ ನಡುವೆ ಬೆರಳಾಡಿಸಿ, ತಮ್ಮ ಲಂಡನ್ ಇಂಗ್ಲಿಷಿನಲ್ಲಿ ವಿವರಿಸತೊಡಗಿದರು. ಹಿಂದಿನ ಸಾಲು ನಿಂತಿತು. ಸೀರೆಯುಟ್ಟ ಹೆಂಗಸೊಬ್ಬಳು ಕತ್ತು ಚಾಚಿ, "ಇಡಿಯಪ್ಪಂ!" ಎಂದು ಒತ್ತುಶಾವಿಗೆಯ ತಮಿಳು ಹೆಸರು ಕೂಗಿದಳು. ಆಂಟಿ ಅವಳನ್ನೂ ಹತ್ತಿರ ಕರೆದರು.

"ಆಂಟಿ, ಇಷ್ಟು ಜನರ ಮುಂದೆ?" ಎಂದೆ ನಾನು, ಹಳೆಯ ಭಯದಲ್ಲಿ.

"ನೋಡಲಿ ಬಿಡೇ, ಎಲ್ಲಾರೂ ನೋಡಲಿ! ಪೇಟೆಂಟ್ ಅಂದ್ರೆ ಗುಟ್ಟು ಅಂದ್ಕೊಂಡ್ಯಾ? ಹೇಗೆ ಮಾಡಿದೆ ಅಂತ ಊರಿಗೆಲ್ಲ ಹೇಳ್ಬೇಕು, ಅದಕ್ಕೇ ಕೆಲವು ವರ್ಷ ಇದು ಶೈಲಜಂದು ಅಂತ ಸರ್ಕಾರ ಕಾಯುತ್ತೆ. ಆಮೇಲೆ ಚುಕ್ಕಿ ಹಾಗೆ, ಎಲ್ಲರದ್ದು."

ಆಗೆಲ್ಲ ಬೀಳ್ಕೊಡುವವರೂ ಒಳಗೆ ಹೋಗಬಹುದಿತ್ತು. ವಿಮಾನದ ಬಳಿಗೆ ಒಯ್ಯುವ ಆ ಎತ್ತರದ ಬಸ್ಸಿನಂಥ ಗಾಡಿಯ ಬಾಗಿಲಲ್ಲಿ ಆಂಟಿ ನಿಂತರು. ತುರುಬಿನಲ್ಲಿ ಪೆನ್ಸಿಲ್, ಕಂಕುಳಲ್ಲಿ ಜಾಕು. ಶೈಲಜಾ ಮುಂದೆ ಬಂದು, "ಆಂಟಿ, ನೀವು ಇರಲಿಲ್ಲಂದ್ರ ನಾ..." ಎಂದು ಶುರುಮಾಡಿದಳು.

ಆಂಟಿ ಜಾಕನ್ನು ಕಾಲ ಬಳಿ ಇಟ್ಟು, ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡು, ನಗುತ್ತಾ ತಲೆಯಾಡಿಸಿದರು. ಬಾಗಿಲು ಮುಚ್ಚುವ ತನಕ ಕೈ ತೆಗೆಯಲೇ ಇಲ್ಲ. ಬೆರಳ ಸಂದಿಯಲ್ಲಿ ಬಿಳಿ ಹರಳು ಹೊಳೆಯುತ್ತಿತ್ತು. ನಾವು ಅವರನ್ನು ನೋಡಿದ್ದು ಅದೇ ಕೊನೆ.