ಹಸುವಿನ ಬದಲಿಗೆ ಇಪ್ಪತ್ತು ಡಾಲರ್

"ಕಾಯಿ ಮೇಲೆ ಒಂದು ನೋಟು ಇಡಿ ಸರ್," ಎಂದರು ಪುರೋಹಿತರು.

ನನ್ನ ಹೆಂಡತಿ ತೀರಿಕೊಂಡ ಹನ್ನೊಂದನೆಯ ದಿನ. ಕ್ಲಿಯರ್ ಲೇಕಿನ ನಮ್ಮ ಮನೆಯ ಗರಾಜಿನಲ್ಲಿ ಕೂತಿದ್ದೆವು. ಒಳಗೆ ಹೋಮ ಮಾಡಿದರೆ ಹೊಗೆ ಅಲಾರಂ ಬಡಿದುಕೊಳ್ಳುತ್ತದೆಂದು ಇಲ್ಲಿ ಎಲ್ಲರದ್ದೂ ಗರಾಜಿನಲ್ಲೇ. ಮುಂದಿನದು ಗೋದಾನ. ಸತ್ತವರು ವೈತರಣಿ ನದಿ ದಾಟುವಾಗ ಬಾಲ ಹಿಡಿದುಕೊಳ್ಳಲು ಒಂದು ಹಸು ಬೇಕಂತೆ. ಟೆಕ್ಸಾಸಿನಲ್ಲಿ ದನಗಳಿಗೇನು ಬರವೇ? ಆದರೆ ಗರಾಜಿಗೆ ಯಾರು ಹೊಡೆದುಕೊಂಡು ಬರುತ್ತಾರೆ? ಅದಕ್ಕೇ ಹಸುವಿನ ಬದಲು ತೆಂಗಿನಕಾಯಿ, ಕಾಯಿಯ ಮೇಲೆ ದುಡ್ಡು, ದುಡ್ಡಿನ ಮೇಲೆ ನೀರು ಬಿಟ್ಟು ಕೊಡುವುದು.

ನನ್ನ ಹತ್ತಿರ ಒಂದು ನೋಟೂ ಇರಲಿಲ್ಲ. ಫೋನಿನಲ್ಲಿ ದುಡ್ಡು ಕೊಡುವ ಸೌಲಭ್ಯ ಬಂದ ದಿನದಿಂದ ಪರ್ಸ್ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದೆ. ಆಮೇಲೆ ವಾಚ್ ಬಂತು. ಅಂಗಡಿಯಲ್ಲಿ ಮಣಿಕಟ್ಟು ತೋರಿಸಿ ಹೊರಗೆ ಬರುವಾಗ ನನಗೊಂದು ಜಂಬ. ಹೆಂಡತಿಯದು ತದ್ವಿರುದ್ಧ. ಕೌಂಟರಿನಲ್ಲಿ ಒಂದೊಂದೇ ನೋಟು ಬಿಡಿಸಿ ಕೊಡುವಳು, ಹಿಂದೆ ಸಾಲು ಬೆಳೆಯುವುದು, ನನ್ನ ಪಿತ್ತ ನೆತ್ತಿಗೇರುವುದು.

"ಕೈಲೆ ಕೊಟ್ರ ಅವರ ಮುಖಾ ನೋಡ್ತೀವ್ರಿ," ಎನ್ನುವಳು. "ಆ ಮಷೀನ್ ಮುಖಾ ಏನ್ ನೋಡೂದು?"

ಆಸ್ಟಿನ್ನಿನಿಂದ ಬಂದಿದ್ದ ಮಗಳು ಕಾರಿನ ಕೀ ಹಿಡಿದು ಎದ್ದು ನಿಂತಳು. "ಡ್ಯಾಡ್, ಐ ವಿಲ್ ರನ್ ಟು ದಿ ಎಟಿಎಮ್."

"ಅಷ್ಟು ಹೊತ್ತು ಕಾಯಕ್ಕಾಗಲ್ಲಮ್ಮ," ಎಂದರು ಪುರೋಹಿತರು. "ಇದಾದ ಮೇಲೆ ಫುಲ್‌ಶೀರ್‌ನಲ್ಲಿ ಒಂದು ಗೃಹಪ್ರವೇಶ ಇದೆ, ಒಂದು ಗಂಟೆ ದಾರಿ. ದಕ್ಷಿಣೆ ಎಲ್ಲ ಆಮೇಲೆ ನನ್ನ ಮಷೀನ್‌ನಲ್ಲೇ ಟ್ಯಾಪ್ ಮಾಡಿ. ಆದರೆ ದಾನಕ್ಕೆ ನೀರು ಬಿಡಬೇಕಲ್ಲ, ಫೋನ್ ಮೇಲೆ ಬಿಡಕ್ಕಾಗುತ್ತಾ? ಒಂದೇ ಒಂದು ನೋಟು ಸಾಕು."

ಸರಿ ಎಂದು ಒಳಗೆ ಹೋದೆ. ಆ ಹನ್ನೊಂದು ದಿನ ನಾನು ಹಾಗೇ ಇದ್ದೆ. ಸ್ನಾನ ಮಾಡು ಎಂದರೆ ಸ್ನಾನ, ಪಿಂಡ ಇಡು ಎಂದರೆ ಪಿಂಡ. ಡಾಲಸ್ಸಿನಿಂದ ತಮ್ಮ ದಿನಾ ಫೋನ್ ಮಾಡಿ "ಒಮ್ಮೆ ಅತ್ತು ಬಿಡಪಾ" ಎನ್ನುತ್ತಿದ್ದ. ಅಳು ಬಂದರೆ ತಾನೇ? ಜೋಮು ಹಿಡಿದ ಕಾಲಿನ ಹಾಗಿತ್ತು, ಚಿವುಟಿದರೂ ಬೇರೆ ಯಾರದೋ ಕಾಲು. ಅವಳ ಸೀರೆಗಳನ್ನು ಮಗಳು ಡಬ್ಬಕ್ಕೆ ತುಂಬುವಾಗ ನಾನು ಟೇಪು ಹರಿದು ಹರಿದು ಕೊಟ್ಟಿದ್ದೆ.

ಅವಳ ಕೈಚೀಲ ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ಆಸ್ಪತ್ರೆಯ ತಿಂಗಳುಗಳಲ್ಲಿ ಡಾಲರುಗಳೆಲ್ಲ ನೆಲ ಒರೆಸುವ ಹೆಂಗಸಿಗೆ, ಗಾಲಿಕುರ್ಚಿ ತಳ್ಳುವವನಿಗೆ ಕೊಟ್ಟು ಖಾಲಿಯಾಗಿದ್ದವು. ಒಳಜೇಬಿನಲ್ಲಿ ಒಂದೇ ಒಂದು ನೋಟಿತ್ತು, ಹಸಿರು, ಪ್ಲಾಸ್ಟಿಕ್ಕಿನದು. ಕೆನಡಾದ ಇಪ್ಪತ್ತು ಡಾಲರ್.

ಅವಳು ಕಾಯಿಲೆ ಬೀಳುವ ಹಿಂದಿನ ವರ್ಷ ನಯಾಗರಾಕ್ಕೆ ಹೋಗಿದ್ದೆವು. ನಾನು ಎಲ್ಲ ಕಡೆ ಟ್ಯಾಪ್ ಮಾಡಿಕೊಂಡು ಹೋದರೆ ಅವಳು ಹಟ ಹಿಡಿದು ನೋಟು ಬದಲಾಯಿಸಿಕೊಂಡಳು. ಜಲಪಾತದ ತುಂತುರಿನಲ್ಲಿ ನೋಟು ಹಿಡಿದು ನಿಂತು, "ನೋಡ್ರಿಲ್ಲೆ, ತೊಯ್ದೇ ಇಲ್ಲ!" ಎಂದು ಕೂಗಿದಳು. ನೋಟಿನ ನಡುವೆ ಗಾಜಿನಂತೆ ಕಾಣುವ ಒಂದು ಪಟ್ಟಿ ಇತ್ತು. ಅದನ್ನು ಕಣ್ಣಿಗೆ ಹಿಡಿದು ನನ್ನನ್ನು ನೋಡಿ ನಕ್ಕಳು.

"ಸಾಕ ಬಿಡು, ಮಂದಿ ನೋಡ್ಲಿಕ್ಕತ್ತಾರ," ಎಂದು ಗದರಿದೆ. ಏರ್‌ಪೋರ್ಟಿನಲ್ಲಿ ಉಳಿದ ಇಪ್ಪತ್ತನ್ನು ಬದಲಾಯಿಸು ಎಂದರೆ ಕೇಳಲಿಲ್ಲ. "ಇರ್ಲಿ ಬಿಡ್ರಿ, ಮತ್ತ ಬರ್ತೀವಲ್ಲ."

ಅದನ್ನೇ ತಂದು ಕಾಯಿಯ ಮೇಲಿಟ್ಟೆ. ಮಡಚಿಟ್ಟದ್ದು ಸೆಟೆದು ಸೆಟೆದು ಏಳುತ್ತಿತ್ತು, ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕಾಯಿತು. ಪುರೋಹಿತರು ಅವಳ ಗೋತ್ರ, ಹೆಸರು ಹೇಳಿಸಿದರು. ಮಗಳು ಉದ್ಧರಣೆಯಿಂದ ನೀರು ಬಿಟ್ಟಳು. ನೀರು ನೋಟಿಗೆ ಅಂಟದೆ ಜಾರಿ ಗರಾಜಿನ ಸಿಮೆಂಟಿಗೆ ಬಿತ್ತು.

"'ನ ಮಮ' ಅನ್ನಿ ಸರ್. ಇದು ನನ್ನದಲ್ಲ ಅಂತ."

"ನ ಮಮ," ಎಂದೆ. ಎಲ್ಲದರಂತೆ ಅದನ್ನೂ ಹೇಳಿದೆ.

ಪುರೋಹಿತರು ಕಾಯಿಯನ್ನು ಚೀಲಕ್ಕೆ ಹಾಕಿ, ನೋಟನ್ನು ತಿರುಗಿಸಿ ನೋಡಿದರು. "ಓ, ಕೆನಡಾದ್ದು! ಪರವಾಗಿಲ್ಲ, ಎಲ್ಲಾದರೂ ಬದಲಾಯಿಸ್ಕೋತೀನಿ." ಹೀಗೆಂದು ಜುಬ್ಬದ ಜೇಬಿನ ಕಡೆಗೆ ಕೈ ಒಯ್ದರು.

"ಕೊಡ್ರಿ ಇಲ್ಲೆ," ಎಂದೆ.

ಅವರಿಗೆ ಅರ್ಥವಾಗಲಿಲ್ಲ.

"ಆ ನೋಟು ವಾಪಸ್ ಕೊಡ್ರಿ. ನಿಮ್ಮ ಮಷೀನ್ ತಗೀರಿ, ಅದರ ಹತ್ತು ಪಟ್ಟು ಹಾಕ್ತೀನಿ."

"ಸರ್, ಧಾರೆ ಎರೆದು ಕೊಟ್ಟಿದ್ದನ್ನ ವಾಪಸ್ ತಗೋಬಾರದು." ಅವರು ದನಿ ತಗ್ಗಿಸಿದರು. "ದುಡ್ಡಿನ ಮಾತಲ್ಲ ಇದು. ಇದು ಅಮ್ಮನವರ ಹಸು."

"ಡ್ಯಾಡ್, ಪ್ಲೀಸ್," ಎಂದಳು ಮಗಳು.

ಕೊಟ್ಟ ದಾನವನ್ನು ಕಿತ್ತುಕೊಳ್ಳಬಾರದೆಂದು ನಮ್ಮಲ್ಲಿ ಎಳೆ ಕೂಸಿಗೂ ಗೊತ್ತು. ನಾನು ಜೀವಮಾನವಿಡೀ ಇಂಜಿನಿಯರ್ ಆಗಿದ್ದವನು, ಆ ನದಿಯನ್ನು ಎಂದೂ ನಂಬಿದವನಲ್ಲ. ಅವಳು ನಂಬಿದ್ದಳು, ಪೂರ್ತಿಯಾಗಿ. ಅದಕ್ಕೇ ಈ ಹನ್ನೊಂದು ದಿನ ಹೇಳಿದ್ದನ್ನೆಲ್ಲ ಮಾಡಿದ್ದೆ. ಆದರೂ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಪುರೋಹಿತರು ಒಮ್ಮೆ ಮಗಳನ್ನು ನೋಡಿ, ನೋಟನ್ನು ನನ್ನ ಅಂಗೈಯಲ್ಲಿಟ್ಟರು.

ಈ ನೋಟಿಲ್ಲದೆ ಅವಳಿಗೆ ಹಸುವಿಲ್ಲ, ಹಸುವಿಲ್ಲದೆ ಅವಳು ದಾಟಲಾರಳು. ಆ ಕ್ಷಣದಲ್ಲಿ ನಾನೂ ಅದನ್ನು ನಂಬಿದ್ದೆ, ನಂಬಿಯೇ ಮುಷ್ಟಿ ಮುಚ್ಚಿದೆ. ಅವಳು ದಾಟುವುದು ನನಗೆ ಬೇಕಿರಲಿಲ್ಲ.