ಖಂಡೇಪೂಜೆಯ ಹೊಸ ಪೆನ್‌ಡ್ರೈವ್

ವಾಡಿ–ಚಿತ್ತಾಪುರ ಕ್ರೂಸರ್ ಗಾಡಿಯ ಹಾಡು ಅಂದರೆ ನನಗೆ ತಲಿಶೂಲಿ. ಶಹಾಬಾದಿನ ಮೊಬೈಲ್ ಅಂಗಡಿಯವ ‘ಈ ವರ್ಷದ ಹಿಟ್’ ಅಂತ ತುಂಬಿ ಕೊಡುವ ಪೆನ್‌ಡ್ರೈವ್ ಅದು. ಒಂದು ಕನ್ನಡ, ಅದರ ಬೆನ್ನಿಗೆ ಹಿಂದಿ, ನಡುವೆ ಒಂದು ಮರಾಠಿ, ಸೇಡಂ ಚಿಂಚೋಳಿ ಕಡೆಯ ಮಂದಿ ಸಿಟ್ಟಾಗಬಾರದಂತ ಒಂದೆರಡು ತೆಲುಗು. ಎಲ್ಲಾದಕ್ಕೂ ಒಂದೇ ಢಬಢಬ. ಡ್ರೈವರ್ ದಸರೆಯ ಖಂಡೇಪೂಜೆಗೆ ಗಾಡಿ ತೊಳೆದು, ಬಾಳಿಕಂಬ ಕಟ್ಟಿ, ಹೊಸ ಪೆನ್‌ಡ್ರೈವ್ ಚುಚ್ಚಿದನೆಂದರೆ ಮುಂದಿನ ಖಂಡೇಪೂಜೆ ತನಕ ಅದೇ ಗತಿ.

ನಮ್ಮವ್ವ ಮಾತ್ರ ಆ ಗಾಡಿ ಬಿಟ್ಟು ಬ್ಯಾರೆ ಗಾಡಿ ಹತ್ತತಿರಲಿಲ್ಲ. ಚಿತ್ತಾಪುರಕ್ಕಿಂತ ಈಚೆ ಒಂದು ಕ್ರಾಸು, ಅದರ ಮಗ್ಗಲಿಗೇ ದೊಡ್ಡವ್ವನ ಮನಿ. ಅವ್ವನಿಗೆ ಅಕ್ಕ ಅಂದರೆ ಜೀವ. ವಾರ ತುಂಬಿತೆಂದರೆ ಕೈಚೀಲದಾಗ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಹಾಕಿಕೊಂಡು ಹೊಂಟು ನಿಲ್ಲುವಾಕಿ. ಸಕ್ಕರೆ ಕಾಯಿಲೆಗೆ ಒಂದು ಕಣ್ಣು ಮೊದಲೇ ಹೋಗಿತ್ತು. “ಇನ್ನೊಂದೂ ಮಬ್ಬಾತು ಅಂದ್ರ ಒಬ್ಬಾಕಿ ಗಾಡಿ ಹತ್ತೂದು ಬಂದ್” ಅಂತ ಅಣ್ಣ ಹೇಳಿಬಿಟ್ಟಿದ್ದ. ಅಂವ ಹೇಳಿದ ಮ್ಯಾಲೆ ನಮ್ಮ ಮನಿಯಾಗ ಎರಡನೇ ಮಾತಿಲ್ಲ.

ಹೋದ ದಸರೆಗೆ ದೊಡ್ಡವ್ವನಿಗೆ ಬನ್ನಿ ಕೊಟ್ಟು ಬರೂಣಂತ ನಾನೂ ಅವ್ವನ ಜೋಡಿ ಹೊಂಟೆ. ಹಿಂದಿನ ದಿನವೇ ಖಂಡೇಪೂಜೆ ಆಗಿತ್ತು. ಗಾಡಿ ವಾಡಿ ಬಿಡುತ್ತಲೇ ಹೊಸ ಹಾಡು ಶುರುವಾಯಿತು. ಅವ್ವನ ಮಾರಿ ಸಣ್ಣದಾಯಿತು.

“ಹಳೇವು ಹಾಕಪಾ” ಅಂದಳು.

“ಅವು ಅಳಿಸಿ ಹ್ವಾದವು ಚಿಗವ್ವಾ. ಇವೂ ಭಾಳ ಛಲೋ ಅದಾವ, ಕೇಳ್ರಿ” ಅಂದ ಡ್ರೈವರ್. ಅಂವ ಅಣ್ಣನ ಖಾಸಾ ದೋಸ್ತ್.

ನಾನು ಅವ್ವನಿಗೆ ಚಾಷ್ಟಿ ಮಾಡಿದೆ, ವಯಸ್ಸಾದಂಗ ಹುಡುಗಿ ಆಗಾಕತ್ತೀ ಅಂತ. ಅಕಿ ನಗಲಿಲ್ಲ. ಸ್ವಲ್ಪ ದೂರ ಹೋದ ಮ್ಯಾಲೆ “ನಿಲ್ಲಸಪಾ” ಅಂದಳು. ನಿಂತಿದ್ದು ಕಲ್ಲು ಪಾಲಿಶ್ ಮಾಡುವ ಮಷೀನಿನ ಮುಂದೆ. ಕ್ರಾಸು ಇನ್ನೂ ದೂರ ಇತ್ತು. ಅಕಿ ಕೈಚೀಲ ಎತ್ತಿಕೊಂಡು ಇಳಿಯಾಕತ್ತಿದ್ದಳು. ಎದುರಿಗೆ ಕಲ್ಲಿನ ಬಿಳಿ ಧೂಳು, ದೊಡ್ಡವ್ವನ ಮನಿ ಎಲ್ಲೈತಿ? “ಇಲ್ಲೇ ಸ್ವಲ್ಪ ಕೆಲಸ ಅದ” ಅಂತ ಡ್ರೈವರಿಗೆ ಹೇಳಿ ನಾನೂ ಇಳಿದೆ.

ರಸ್ತೆ ದಂಡಿಗೆ ನಿಂತು ಅವ್ವ ಎಲ್ಲಾ ಹೇಳಿದಳು. ಇನ್ನೊಂದು ಕಣ್ಣೂ ಮಬ್ಬಾಗಿ ಭಾಳ ದಿನ ಆಗಿತ್ತು. ಡ್ರೈವರ್ ಗಾಡಿ ಬಿಡುವಾಗ ಪೆನ್‌ಡ್ರೈವ್ ಚುಚ್ಚತಿದ್ದ, ಹಾಡು ಯಾವಾಗಲೂ ಮೊದಲಿನಿಂದಲೇ ಬರತಿತ್ತು. ರೈಲ್ವೆ ಗೇಟು ಬಿದ್ದರೆ ಡೀಸೆಲ್ ಉಳಿಸಲಿಕ್ಕೆ ಕೀಲಿ ತಿರುವತಿದ್ದ, ಗಾಡಿ ಜೋಡಿ ಹಾಡೂ ನಿಲ್ಲತಿತ್ತು. ಹಳೇ ಪೆನ್‌ಡ್ರೈವಿನಾಗ ಶೀಟಿ ಹೊಡೆಯುವ ಹಾಡು ಬಂತೆಂದರೆ ಕ್ರಾಸು ಬಂತು ಅಂತ ಅವ್ವನ ಲೆಕ್ಕ. ಇವತ್ತು ಅದಿಲ್ಲದ್ದಕ್ಕೆ ಅಂದಾಜಿನ ಮ್ಯಾಲೆ ಗಾಡಿ ನಿಲ್ಲಿಸಿದ್ದಳು. ಡ್ರೈವರಿಗೆ ಕೇಳಿದರೆ ಸಂಜಿಯೊಳಗ ಅಣ್ಣನ ಕಿವಿಗೆ ಬೀಳತಿತ್ತು.

“ಅಣ್ಣಗ ಹೇಳಬ್ಯಾಡ ಯವ್ವಾ. ಮನಿಯಾಗ ಕುಂದ್ರಿಸಿಬಿಡ್ತಾನ” ಅಂದಳು. ನನಗೆ ಅಕಿ ಮ್ಯಾಲೂ ಸಿಟ್ಟು ಬಂತು, ಅಣ್ಣನ ಮ್ಯಾಲೂ ಬಂತು.

ಕಲಬುರಗಿಗೆ ಅರಿವಿ ತರೂ ನೆಪದಾಗ ಕರಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಔಷಧ ಹಾಕುತ್ತಾ ಇರ್ರಿ, ಹೋದದ್ದು ತಿರುಗಿ ಬರಂಗಿಲ್ಲ ಅಂದರು. ಶಹಾಬಾದಿನ ಅಂಗಡಿಗೆ ಹೋಗಿ ಅದೇ ಹಾಡು ಅದೇ ಸಾಲಿನಾಗ ನನ್ನ ಫೋನಿಗೆ ಹಾಕಿಸಿಕೊಂಡೆ. ಅಂಗಡಿಯವ ನನ್ನನ್ನ ಮ್ಯಾಲಿಂದ ಕೆಳಗೆ ನೋಡಿದ. ಆಮೇಲೆ ಅವ್ವನ ಜೋಡಿ ಕ್ರೂಸರಿನಾಗ ಕುಂತು ಹೋಗಿಬಂದೆ. ಕ್ರಾಸಿಗೆ ಸರಿಯಾಗಿ ಒಂದು ತೆಲುಗು ಹಾಡು ಬರತಿತ್ತು, ನಡುವೆ ಒಬ್ಬ ಹುಡುಗಿ ಕಿಲಕಿಲ ನಗತಾಳ. ಅದನ್ನೇ ಗುರುತು ಮಾಡಿದೆವು. ರೊಟ್ಟಿ ಬಡಿಯುವಾಗ, ಕಾಳು ಆರಿಸುವಾಗ ಅವ್ವ ಅವನ್ನೇ ಹಚ್ಚಿಸಿಕೊಂಡು ಕೇಳಿದಳು.

ಮುಂದಿನ ವಾರ ಅಕಿ ಒಬ್ಬಾಕಿ ಹೊಂಟಳು. ಸ್ಟ್ಯಾಂಡಿನಿಂದ ಗಾಡಿ ಬಿಟ್ಟ ಹಾರ್ನ್ ನಮ್ಮ ಕ್ವಾರ್ಟರ್ಸಿಗೆ ಕೇಳಿಸುತ್ತದೆ. ಕೇಳುತ್ತಲೇ ನಾನು ಫೋನಿನಾಗ ಮೊದಲನೇ ಹಾಡು ಹಚ್ಚಿ ಕಟ್ಟೆ ಮ್ಯಾಲೆ ಕುಂತೆ.

“ಏನದು, ಅವ್ವನ ಹಾಡಿನ ಹುಚ್ಚು ನಿನಗೂ ಹತ್ತೇತೇನು?” ಅಂದ ಅಣ್ಣ, ಚಹಾ ಹಿಡಿದುಕೊಂಡು ಮಗ್ಗಲಿಗೆ ಕೂಡುತ್ತ.

ಹಾಡಿನಾಗ ಆ ಹುಡುಗಿ ನಕ್ಕಳು. ಆ ಹಾಡು ಮುಗೀತು. ಮುಂದಿನದು ಶುರುವಾಯಿತು, ಅದೂ ಮುಗಿಯಲಿಕ್ಕೆ ಬಂತು. ಅಷ್ಟೊತ್ತಿಗೆ ದೊಡ್ಡವ್ವನ ನಂಬರಿನಿಂದ ಫೋನ್ ಬಂತು. ಅವ್ವ ಸಣ್ಣ ದನಿಯಲ್ಲಿ ಮಾತಾಡಿದಳು.

“ಸೀದಾ ಬಾಗಿಲ ಮುಂದ ಇಳದೆ. ಮುಂದಿನ ಖಂಡೇಪೂಜಿಗೆ ಇಷ್ಟೂ ಕಾಣಂಗಿಲ್ಲ ನೋಡು. ಅವಾಗೂ ಹಿಂಗೇ ಕಲಿಸ್ತೀಯೇನು?”

“ಹ್ಞೂಂ” ಅಂದೆ.

“ಏನಂತ?” ಅಂತ ಕೇಳಿದ ಅಣ್ಣ.

“ದೊಡ್ಡವ್ವನ ಮನಿ ಮುಟ್ಯಾಳಂತ” ಅಂದೆ.