ಅಡ್ಡ ಸಾಲು ಆಂಟಿಯದು, ಉದ್ದ ಸಾಲು ನನ್ನದು

ಹೋದ ತಿಂಗಳ ಒಂದು ಗುರುವಾರ ಬೆಳಿಗ್ಗೆ ಒಬ್ಬರ ಕೆಲಸದಲ್ಲಿ ತಪ್ಪಿದೆ ಎಂದು ಊರಿಗೆಲ್ಲ ಕಾಣುವಂತೆ ಬರೆದೆ. ಮಧ್ಯಾಹ್ನದ ಹೊತ್ತಿಗೆ ತಪ್ಪು ನನ್ನದಾಗಿತ್ತು.

ವಿಷಯ ಪದಬಂಧದ್ದು. ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ದಿನವೂ ಬರುವ ಗೂಢ ಪದಬಂಧ. ಸುಳಿವು ಓದಿದರೆ ಸಾದಾ ವಾಕ್ಯದಂತೆ ಕಾಣುತ್ತದೆ. ಆದರೆ ಉತ್ತರದ ಅರ್ಥ ಒಂದು ತುದಿಯಲ್ಲಿರುತ್ತದೆ, ಆ ಉತ್ತರವನ್ನು ಕಟ್ಟುವ ಸಾಮಾನು ಇನ್ನೊಂದು ತುದಿಯಲ್ಲಿ. ಇದನ್ನು ಬಿಡಿಸುವವರ ಗುಂಪೊಂದು ಆನ್‌ಲೈನ್‌ನಲ್ಲಿದೆ. ಅಲ್ಲಿ ಪ್ರತಿ ಗುರುವಾರದ ಪದಬಂಧಕ್ಕೆ ವಿಮರ್ಶೆ ಬರೆಯುವವರು ಇಬ್ಬರು. ಎಡದಿಂದ ಬಲಕ್ಕೆ ಹೋಗುವ ಸುಳಿವುಗಳು ಪುಣೆಯ ಒಬ್ಬರಿಗೆ, ಮೇಲಿನಿಂದ ಕೆಳಕ್ಕೆ ಇಳಿಯುವವು ನನಗೆ. (ಹೌದು, ಪದಬಂಧಕ್ಕೂ ವಿಮರ್ಶೆ ಇದೆ. ನಗಬೇಡಿ.)

ಶಿರಾದ ನಮ್ಮ ಬೀದಿಗೆ ಆ ಪತ್ರಿಕೆ ಬರುವುದು ಒಂದೇ ಪ್ರತಿ. ಅದು ಮೊದಲು ಹೋಗುವುದು ಪಕ್ಕದ ಮನೆಯ ಜುಬೇದಾ ಆಂಟಿಗೆ. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅವರು ಅಡ್ಡ ಸಾಲುಗಳನ್ನು ತುಂಬಿ ಕಾಂಪೌಂಡ್ ಗೋಡೆಯ ಮೇಲೆ ಇಡುತ್ತಾರೆ. ಉದ್ದ ಸಾಲು ನಾನು ತುಂಬುತ್ತೇನೆ. ನಮ್ಮಲ್ಲಿ ಒಂದೇ ಕಾನೂನು: ಒಬ್ಬರ ಅಕ್ಷರವನ್ನು ಇನ್ನೊಬ್ಬರು ಅಳಿಸುವಂತಿಲ್ಲ. ಅವರ ಸುಳಿವನ್ನು ನಾನು ಓದುವುದೂ ಇಲ್ಲ. ಪಕ್ಕದ ಮನೆಯ ಅಡುಗೆಮನೆಗೆ ಹೇಳದೆ ಹೋಗುತ್ತೇವಾ?

ಆ ಗುರುವಾರ ಏಳಕ್ಷರದ ಒಂದು ಪದ ಬಗ್ಗಲೇ ಇಲ್ಲ. ಅದರಲ್ಲಿ ಮೂರಕ್ಷರ ಆಂಟಿಯ ಕಡೆಯಿಂದ ಬಂದಿದ್ದವು. ಆ ಮೂರಕ್ಕೆ ಹೊಂದುವ ಪದ ಯಾವ ನಿಘಂಟಿನಲ್ಲೂ ಇರಲಿಲ್ಲ. ಮಧುಗಿರಿ ಬಸ್ಸು ಹತ್ತಿ (ಅಲ್ಲಿನ ಕಾಲೇಜಿನಲ್ಲಿ ನನ್ನ ಕೆಲಸ) ಕಿಟಕಿ ಪಕ್ಕ ಕೂತು ಟೈಪ್ ಮಾಡಿದೆ: "ಈ ಸುಳಿವಿಗೆ ಉತ್ತರವೇ ಸಾಧ್ಯವಿಲ್ಲ. ರಚಿಸಿದವರು ಎಡವಿದ್ದಾರೆ."

ಮಧ್ಯಾಹ್ನ ರಚಿಸಿದವರೇ ಉತ್ತರಿಸಿದ್ದರು. ಬಹಳ ಸೌಜನ್ಯದಿಂದ. ಸರಿಯಾದ ಪದ ಬರೆದು, ಪಕ್ಕದಲ್ಲಿ ಒಂದು ನಗುಮುಖ. ಆ ನಗುಮುಖ ಇಲ್ಲದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆ ಪದಕ್ಕೆ ಆಂಟಿಯ ಅಕ್ಷರಗಳು ಕೂಡುತ್ತಿರಲಿಲ್ಲ. ಸಂಜೆ ಪತ್ರಿಕೆ ಹಿಡಿದು ಆಂಟಿಯ ಮನೆಗೆ ಹೋದೆ.

"ಆಂಟಿ, ಅಡ್ಡ ಸಾಲಲ್ಲಿ ಈ ಹದಿನಾಲ್ಕನೇದು ಹೆಂಗೆ ಬಂತು?"

ಅವರು ಪತ್ರಿಕೆಯನ್ನು ದೂರ ಹಿಡಿದರು. ಹತ್ತಿರ ತಂದರು. ಬಾಗಿಲ ಬೆಳಕಿಗೆ ತಿರುಗಿಸಿದರು.

"ಚಾ ಕುಡೀತೀಯ ಬೇಟಿ?"

"ಸುಳಿವು ಒಂದ್ಸಲ ಓದಿ ಆಂಟಿ."

ಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡರು. "ಮನೆಗಳು ಕಾಣ್ತವೆ ಕಣಮ್ಮ. ಕರೀದ್ಯಾವ್ದು, ಬಿಳೀದ್ಯಾವ್ದು, ಎಲ್ಲಾ ಕಾಣ್ತವೆ. ಕೆಳಗೆ ಇರುವೆ ಸಾಲಿನಂಗೆ ಇರ್ತದಲ್ಲ, ಅದು ಕಾಣಲ್ಲ."

"ಮತ್ತೆ ಇಷ್ಟೊಂದು ಪದ?"

"ಎಣಿಸಿ ತುಂಬ್ದೆ. ಆರು ಮನೆ ಇದ್ರೆ ಆರಕ್ಷರದ್ದು. ಮೊದಲು ಖಾಲಿ ಬಿಡ್ತಿದ್ದೆ. ನಿನ್ನೆ ನೀನು ಗೋಡೆ ಹತ್ರ ನಿಂತು ಕೇಳ್ದೆ, ಏನಾಂಟಿ ಈಚೆಗೆ ಖಾಲಿ ಬಿಡ್ತೀರಲ್ಲ, ಹುಷಾರಿಲ್ವಾ ಅಂತ. ಇನ್ನೇನು ಮಾಡ್ಲಿ?"

"ಕಣ್ಣು ಮಂಜು ಅಂತ ಹೇಳ್ಬೋದಿತ್ತಲ್ಲ."

"ಹೇಳಿದ್ರೆ? ಪಾಪ ಆಂಟಿಗೆ ಕಷ್ಟ ಅಂತ ಪೂರಾ ಪೇಪರ್ ನೀನೇ ಇಟ್ಕೊಂತಿದ್ದೆ. ಮುಖ ಸಪ್ಪಗೆ ಮಾಡ್ಕೊಂಡು ಬಾಳೆಹಣ್ಣು ತಂದ್ಕೊಡ್ತಿದ್ದೆ. ಸ್ಕೂಲು ಬಿಟ್ಮೇಲೆ ನನ್ನ ತಲೆಗೆ ಅಂತ ಇರೋ ಕೆಲಸ ಇದೊಂದೇ ಬೇಟಿ. ಅದೂ ಅರ್ಧ. ಆ ಅರ್ಧಾನೂ ಕೊಟ್ಬುಡ್ಲಾ?"

ನಿಜ. ಗೊತ್ತಾಗಿದ್ದರೆ ಅವರು ಹೇಳಿದ್ದನ್ನೇ ಮಾಡುತ್ತಿದ್ದೆ. (ಬಾಳೆಹಣ್ಣಲ್ಲ, ಸೇಬು.)

ಪ್ರಶ್ನೆ ಓದದೆ, ಮನೆ ಎಣಿಸಿ, ಹೊಂದುವ ಉತ್ತರ ತುಂಬುವವರು ಆಂಟಿ ಒಬ್ಬರೇನಾ? ಯಾರಾದರೂ "ಚೆನ್ನಾಗಿದ್ದೀರಾ?" ಎಂದಾಗ ನಾವು ಮಾಡುವುದೂ ಅದೇ ಅಲ್ಲವೇ? "ಹ್ಞೂಂ, ಚೆನ್ನಾಗಿದ್ದೀವಿ." ಅಳತೆಗೆ ಸರಿಯಾಗಿ ಕೂರುತ್ತದೆ. ಕೇಳಿದವರೂ ಅಳಿಸಿ ನೋಡುವುದಿಲ್ಲ. ನಾನಂತೂ ಅದನ್ನು ಮರ್ಯಾದೆ ಎಂದುಕೊಂಡಿದ್ದೆ. ಅದರಲ್ಲಿ ಮರ್ಯಾದೆ ಎಷ್ಟು, ಸೋಮಾರಿತನ ಎಷ್ಟು?

ಗುಂಪಿನಲ್ಲಿ ನಾನು ಬರೆದದ್ದನ್ನೂ ಬಂದ ಉತ್ತರವನ್ನೂ ಹೇಳಿದೆ. "ಆ ಪದಬಂಧದವ್ರಿಗೆ ಸಾರಿ ಕೇಳ್ದ್ಯಾ?" ಎಂದರು ಆಂಟಿ.

"ಕೇಳ್ತೀನಿ."

"ಕೇಳು. ನನ್ನ ಕಣ್ಣಿನ ಸುದ್ದಿ ಎತ್ಬೇಡ."

ಎತ್ತಲಿಲ್ಲ. ನನ್ನ ಚೌಕದಲ್ಲಿ ಕೆಲವು ಅಕ್ಷರ ತಪ್ಪಿದ್ದವು ಎಂದಷ್ಟೇ ಬರೆದೆ. (ಇಲ್ಲಿ ಬರೆಯುತ್ತಿರುವುದಕ್ಕೆ ಅವರ ಒಪ್ಪಿಗೆ ಇದೆ, ಹೆಸರು ಬದಲಿಸಬೇಕೆಂಬ ಷರತ್ತಿನೊಂದಿಗೆ.)

ಆಮೇಲೆ ನಾನೂ ಒಂದು ಷರತ್ತು ಹಾಕಿದೆ. ಆಂಟಿ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಕಣ್ಣು ಸರಿಯಾಗುವವರೆಗೆ ಅಡ್ಡ ಸುಳಿವುಗಳನ್ನು ನಾನು ಓದುತ್ತೇನೆ, ಉತ್ತರ ಮಾತ್ರ ಅವರದೇ. ಗೊತ್ತಿದ್ದರೂ ನಾನು ಬಾಯಿ ಬಿಡುವಂತಿಲ್ಲ.

ಬಸ್ಸಿನಲ್ಲಿ ಫೋನ್ ಬಂದರೆ ಬಾಯಿಗೆ ಕೈ ಅಡ್ಡ ಇಟ್ಟು ಮಾತಾಡುವವಳು ನಾನು. ಈಗ ದಿನವೂ ಬೆಳಿಗ್ಗೆ ಗೋಡೆಯ ಈಚೆ ನಿಂತು ಬೀದಿಗೆಲ್ಲ ಕೇಳುವಂತೆ ಓದುತ್ತೇನೆ. ಆಂಟಿ ಅತ್ತಲಿಂದ "ಇನ್ನೊಂದ್ಸಲ!" ಎನ್ನುತ್ತಾರೆ. ಉತ್ತರ ಹೊಳೆದರೆ ಚಪ್ಪಾಳೆ. ಹೊಳೆಯದಿದ್ದರೆ ರಚಿಸಿದವರಿಗೆ ಉರ್ದುವಿನಲ್ಲಿ ಬೈಗುಳ. ನಡುವೆ ಸುದ್ದಿಯೂ ನುಸುಳುತ್ತದೆ: ಅವರ ಮೊಣಕಾಲು, ನನ್ನ ಪ್ರಿನ್ಸಿಪಾಲರು, ಉಪ್ಪಿನಕಾಯಿಗೆ ಬಂದ ಬೂಷ್ಟು. ಇಷ್ಟು ಕಾಲ ಅಕ್ಷರ ಹಂಚಿಕೊಂಡ ನಾವು ಇವನ್ನೆಲ್ಲ ಮಾತಾಡಿರಲೇ ಇಲ್ಲ.

ಎದುರು ಮನೆಯ ರತ್ನಮ್ಮನವರು ಮೊನ್ನೆ ಕಸ ಗುಡಿಸುತ್ತಾ ನಿಂತು ಕೇಳಿದರು: "ಏನ್ರಮ್ಮ, ದಿನಾ ಬೆಳಿಗ್ಗೆ ಇಂಗ್ಲಿಷಲ್ಲಿ ಜಗಳ ಆಡ್ತೀರಲ್ಲ! ಕನ್ನಡದಾಗಾದ್ರೂ ಆಡ್ರಿ, ನಾವೂ ಸೇರ್ಕಂತೀವಿ."

ಡಾಕ್ಟರು ಪೊರೆ ಎಂದಿದ್ದಾರೆ. ಹಬ್ಬ ಮುಗಿದ ಮೇಲೆ ತುಮಕೂರಿನಲ್ಲಿ ಆಪರೇಷನ್. ಆಮೇಲೆ ಇರುವೆ ಸಾಲೂ ಕಾಣುತ್ತದಂತೆ. ಆಂಟಿಗೆ ಖುಷಿ. ನನಗೂ ಖುಷಿಯೇ.

ಆದರೆ ಅವರಿಗೆ ಎಲ್ಲ ಕಾಣತೊಡಗಿದ ಮೇಲೆ, ಗೋಡೆ ಹತ್ತಿರ ನಿಂತು ಮಾತಾಡಲು ನನಗೆ ನೆಪ ಏನು?